ಎಲ್-1 ಒಂದೇ ದಾರಿ ಅಲ್ಲ: ಕಾಮಗಾರಿ ಟೆಂಡರಲ್ಲಿ ಕ್ವಾಲಿಟಿಗೂ ಬೆಲೆ ಕಟ್ಟೋದು ಹೇಗೆ

ಸರ್ಕಾರಿ ಕಾಮಗಾರಿ ಟೆಂಡರ್ ಓಪನ್ ಆದ್ಮೇಲೆ ಯಾರು ಕಮ್ಮಿ ಹಾಕಿದಾರೋ ಅವ್ರಿಗೇ ವರ್ಕ್ ಆರ್ಡರ್, ಇದಕ್ಕೇ ಎಲ್-1 ಅನ್ನೋದು, ಇದು ನಮ್ಮಲ್ಲಿ ಎಷ್ಟು ರೂಢಿ ಆಗಿಬಿಟ್ಟಿದೆ ಅಂದ್ರೆ ಕಾನೂನಲ್ಲಿ ಬೇರೆ ದಾರಿನೇ ಇಲ್ಲ ಅಂತ ಎಷ್ಟೋ ಇಂಜಿನಿಯರ್‌ಗಳು ನಂಬ್ಕೊಂಡಿದಾರೆ. ಹಾಗೇನಿಲ್ಲ. ಎಲ್-1 ಒಳಗೇ ಇದ್ಕೊಂಡು ಮಾಡಬಹುದಾದ್ದು ಬೇಕಾದಷ್ಟಿದೆ, ಅದನ್ನ ದಾಟಿ ಹೋಗೋಕೂ ಈಗ ದಾರಿ ಇದೆ. ಪುರಸಭೆ, ನಗರಸಭೆ, ಪಂಚಾಯತ್ ರಾಜ್, ಪಿಡಬ್ಲ್ಯುಡಿಗಳಲ್ಲಿ ಟೆಂಡರ್ ಡಾಕ್ಯುಮೆಂಟನ್ನ ತಮ್ಮ ಕೈಯಾರೆ ತಯಾರ್ ಮಾಡೋ ಎಇ, ಎಇಇಗಳನ್ನ (ಸಹಾಯಕ ಇಂಜಿನಿಯರ್, ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್‌ಗಳನ್ನ) ಮನಸ್ಸಲ್ಲಿಟ್ಕೊಂಡು ಇದನ್ನ ಬರೀತಿದೀನಿ, ವಾರ್ಡ್ ಸಮಿತಿಯಲ್ಲಿ ಕೂತು ಪ್ರಶ್ನೆ ಕೇಳೋ ನಾಗರಿಕರಿಗೂ ಉಪಯೋಗ ಆಗುತ್ತೆ.

ಮೊದ್ಲು ಎಲ್-1ಇಂದ ಏನು ಕೆಡುತ್ತೆ ಅನ್ನೋದು ಸ್ಪಷ್ಟ ಇರ್ಲಿ. ಕಮ್ಮಿ ರೇಟು ತಪ್ಪಲ್ಲ, ಸ್ವಂತ ಮಷೀನ್ ಇರೋರು, ಪಕ್ಕದಲ್ಲೇ ಕ್ವಾರಿ ಇರೋರು, ಕೆಲಸ ಚೆನ್ನಾಗಿ ಗೊತ್ತಿರೋರು ನಿಜವಾಗ್ಲೂ ಕಮ್ಮಿಗೆ ಮಾಡ್ತಾರೆ. ತೊಂದರೆ ಆಗೋದು ಎಸ್ಟಿಮೇಟಿಗಿಂತ ಶೇ 25, ಶೇ 30 ಬಿಲೋ ಹಾಕಿ ಕೆಲಸ ಹಿಡಿದು, ಆಮೇಲೆ ಆ ಕಡಿತವನ್ನ ಸೈಟಲ್ಲಿ ವಾಪಸ್ ತಗೊಳೋರಿಂದ. ಸಿಮೆಂಟಲ್ಲಿ ಸ್ವಲ್ಪ, ಕಂಬಿಯಲ್ಲಿ ಸ್ವಲ್ಪ, ಕ್ಯೂರಿಂಗ್ ಅಂತೂ ಪೂರ್ತಿ, ಮಿಕ್ಕಿದ್ದು ಎಕ್ಸ್‌ಟ್ರಾ ಐಟಂ ಮತ್ತು ವೇರಿಯೇಷನ್ (ಟೆಂಡರ್ ಆದ್ಮೇಲೆ ಕೆಲಸದಲ್ಲಿ ಆಗೋ ಬದಲಾವಣೆ) ಹೆಸರಲ್ಲಿ. ಅದೂ ಆಗದೆ ಇದ್ರೆ ಅರ್ಧಕ್ಕೆ ಬಿಟ್ಟು ಹೋಗ್ತಾರೆ, ರೀ-ಟೆಂಡರ್ ಕರೆಯೋ ಹೊತ್ತಿಗೆ ಎಸ್ಆರ್ ರೇಟೇ (ಸರ್ಕಾರದ ದರಪಟ್ಟಿ) ಏರಿರುತ್ತೆ, ಜನ ಎರಡು ಮಳೆಗಾಲ ಗುಂಡಿ ಪಕ್ಕದಲ್ಲೇ ಓಡಾಡಿರ್ತಾರೆ. ಉಳಿತಾಯ ಆಯ್ತು ಅಂತ ಫೈಲಲ್ಲಿ ಬರೆದ ದುಡ್ಡು ಉಳಿದೇ ಇರಲ್ಲ.

ಕಾನೂನು ಎಲ್ಲಿವರೆಗೆ ಬಿಡುತ್ತೆ

ಕರ್ನಾಟಕದಲ್ಲಿ ನಿಮ್ಮ ಕೈಲಿರೋದು ಕೆಟಿಪಿಪಿ ಕಾಯ್ದೆ 1999 (ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗೆ ಇರೋ ರಾಜ್ಯದ ಕಾಯ್ದೆ) ಮತ್ತು ಅದರ 2000ದ ನಿಯಮಗಳು. ಮೌಲ್ಯಮಾಪನ ಹೇಗೆ ಮಾಡ್ತೀವಿ ಅಂತ ಟೆಂಡರ್ ಡಾಕ್ಯುಮೆಂಟಲ್ಲಿ ಮೊದಲೇ ಬರೆದಿರ್ಬೇಕು, ಬರೆದಿದ್ದನ್ನ ಬಿಟ್ಟು ಬೇರೆ ಏನನ್ನೂ ಆಮೇಲೆ ನೋಡೋಹಾಗಿಲ್ಲ, ಇದೇ ಅದರ ಜೀವಾಳ. ಅಂದ್ರೆ ಕ್ವಾಲಿಟಿಗೆ ಬೆಲೆ ಕೊಡೋ ಆಸೆ ಇದ್ರೆ ಟೆಂಡರ್ ಪ್ರಕಟ ಆಗೋಕೆ ಮುಂಚೆನೇ ಕೊಡ್ಬೇಕು, ಕವರ್ ತೆಗೆದಾದ್ಮೇಲೆ ಏನು ಅನ್ಸಿದ್ರೂ ಪ್ರಯೋಜನ ಇಲ್ಲ.

ಕೇಂದ್ರದ ಹಣಕಾಸು ಸಚಿವಾಲಯ 2021ರ ಅಕ್ಟೋಬರ್ 29ರಂದು ಹೊರಡಿಸಿದ ಸಾಮಾನ್ಯ ಸೂಚನೆಗಳಲ್ಲಿ ಕಾಮಗಾರಿಗಳಿಗೂ ಕ್ಯೂಸಿಬಿಎಸ್, ಅಂದ್ರೆ ಗುಣಮಟ್ಟ ಮತ್ತು ದರ ಎರಡಕ್ಕೂ ಮಾರ್ಕ್ಸ್ ಕೊಟ್ಟು ಆರಿಸೋ ಪದ್ಧತಿಗೆ ಬಾಗಿಲು ತೆರೀತು. ಅದಕ್ಕೆ ಮುಂಚೆ ಇದು ಹೆಚ್ಚಾಗಿ ಕನ್ಸಲ್ಟೆಂಟ್‌ಗಳನ್ನ ಆರಿಸೋಕೆ ಬಳಸ್ತಿದ್ದ ಪದ್ಧತಿ. ಷರತ್ತು ಎರಡು: ಆ ಕೆಲಸವನ್ನ ಗುಣಮಟ್ಟ ಪ್ರಧಾನ ಖರೀದಿ ಅಂತ ಸಕ್ಷಮ ಪ್ರಾಧಿಕಾರ ಘೋಷಿಸಿರ್ಬೇಕು, ಮತ್ತು ದರ ಬಿಟ್ಟು ಮಿಕ್ಕಿದ್ದಕ್ಕೆ ಕೊಡೋ ತೂಕ ಶೇ 30 ದಾಟಬಾರದು. ಈ ಸೂಚನೆ ನೇರವಾಗಿ ಅನ್ವಯ ಆಗೋದು ಕೇಂದ್ರದ ಇಲಾಖೆ, ಸಂಸ್ಥೆಗಳಿಗೆ. ರಾಜ್ಯದ ಕಚೇರಿಯಲ್ಲಿ ಕೂತು ಇದನ್ನೇ ಆಧಾರ ಅಂತ ತೋರಿಸಿ ಟೆಂಡರ್ ಕರೀಬೇಡಿ, ಇಲಾಖೆ ಮುಖಾಂತರ ಆರ್ಥಿಕ ಇಲಾಖೆಯ ಖರೀದಿ ಕೋಶಕ್ಕೆ ಬರೆದು ಲಿಖಿತ ಒಪ್ಪಿಗೆ ತಗೊಂಡೇ ಹೊರಡಿ. ವಿಶ್ವಬ್ಯಾಂಕ್, ಎಡಿಬಿ (ಏಷ್ಯನ್ ಅಭಿವೃದ್ಧಿ ಬ್ಯಾಂಕ್) ಸಾಲದ ಯೋಜನೆ ಆಗಿದ್ರೆ ಅವ್ರ ಖರೀದಿ ನಿಯಮ ನಡೆಯುತ್ತೆ. ವಿಶ್ವಬ್ಯಾಂಕ್ ಅಂತೂ 2023ರ ಸೆಪ್ಟೆಂಬರ್‌ನಿಂದ ಅಂತಾರಾಷ್ಟ್ರೀಯ ಟೆಂಡರ್‌ಗಳಲ್ಲಿ ಗುಣಮಟ್ಟಕ್ಕೆ ಮಾರ್ಕ್ಸ್ ಕೊಡೋದನ್ನೇ ಸಾಮಾನ್ಯ ನಿಯಮ ಮಾಡ್ಕೊಂಡಿದೆ.

ಎಲ್ಲ ಕೆಲಸಕ್ಕೂ ಇದು ಬೇಕಾಗಿಲ್ಲ ಅನ್ನೋದನ್ನೂ ಇಲ್ಲೇ ಹೇಳ್ಬಿಡ್ತೀನಿ. 20 ಲಕ್ಷದ ಸಿಸಿ ರಸ್ತೆಗೆ ಎಲ್-1 ಸಾಕು. ಸೇತುವೆ, ಆಸ್ಪತ್ರೆ, ಊರೊಳಗಿನ ದೊಡ್ಡ ಚರಂಡಿ, ನೀರು ಶುದ್ಧೀಕರಣ ಘಟಕ, ಜನ ಓಡಾಡ್ತಿರೋವಾಗ್ಲೇ ನಡೀಬೇಕಾದ ಕೆಲಸ, ಇಂಥವಕ್ಕೆ ಮಾತ್ರ ಈ ಶ್ರಮ ಸಾರ್ಥಕ.

ಎಸ್ಟಿಮೇಟು, ಡ್ರಾಯಿಂಗು ಸರಿ ಇಲ್ಲಾಂದ್ರೆ ಮುಂದಕ್ಕೆ ಹೋಗ್ಬೇಡಿ

ಹಳೇ ಎಸ್ಟಿಮೇಟನ್ನ ಕಾಪಿ ಹೊಡೆದು ಚೈನೇಜ್ (ಕೆಲಸದ ಉದ್ದದಲ್ಲಿ ಜಾಗ ಗುರುತಿಸೋ ಅಳತೆ) ಬದಲಾಯಿಸಿ ಕಳಿಸಿದ ಟೆಂಡರಲ್ಲಿ ಯಾವ ಪದ್ಧತಿ ಇಟ್ರೂ ಅಷ್ಟೆ. ನೆಲದಡಿ ಏನಿದೆ ಅಂತ ಗೊತ್ತಿಲ್ಲದೆ ಇದ್ರೆ ಪ್ರಾಮಾಣಿಕ ಕಾಂಟ್ರಾಕ್ಟರ್ ರಿಸ್ಕ್ ಲೆಕ್ಕ ಹಾಕಿ ಜಾಸ್ತಿ ಕೋಟ್ ಮಾಡ್ತಾನೆ, ಇನ್ನೊಬ್ಬ ವೇರಿಯೇಷನ್ ನಂಬ್ಕೊಂಡು ಕಮ್ಮಿ ಹಾಕ್ತಾನೆ, ಗೆಲ್ಲೋದು ಎರಡನೆಯವನು. ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳನ್ನ, ವಿಠಲ್ ಮಲ್ಯ ರಸ್ತೆ, ರೆಸಿಡೆನ್ಸಿ ರಸ್ತೆ, ಒಂದ್ಸಲ ನಡೆದು ನೋಡಿ. ಖರ್ಚು ಜಾಸ್ತಿ ಆಯ್ತು ಅನ್ನೋ ಟೀಕೆ ಅವುಗಳ ಮೇಲಿದೆ, ಅದು ಚರ್ಚೆ ಮಾಡ್ಬೇಕಾದ ವಿಷಯನೇ. ಆದ್ರೆ ಅಲ್ಲಿ ಕಲಿಯೋದು ಒಂದಿದೆ: ನೀರಿನ ಪೈಪು, ಒಳಚರಂಡಿ, ಕರೆಂಟ್ ಕೇಬಲ್, ಓಎಫ್‌ಸಿ ಎಲ್ಲ ಎಲ್ಲೆಲ್ಲಿ ಹೋಗ್ಬೇಕು ಅನ್ನೋ ವಿನ್ಯಾಸ ಮೊದ್ಲು, ಟೆಂಡರ್ ಆಮೇಲೆ. ನೀವು ಅಷ್ಟು ದೊಡ್ಡ ಮಟ್ಟಕ್ಕೆ ಹೋಗ್ದೆ ಇದ್ರೂ ಟ್ರಯಲ್ ಪಿಟ್ ತೆಗೆಸಿ, ಬೆಸ್ಕಾಂ, ಹೆಸ್ಕಾಂ, ಜಲಮಂಡಳಿ ಯಾರದ್ದು ಲೈನ್ ಇದ್ಯೋ ಅವ್ರನ್ನ ಕರೆದು ಜಂಟಿ ಸರ್ವೆ ಮಾಡಿಸಿ, ಆ ಡ್ರಾಯಿಂಗನ್ನ ಟೆಂಡರ್ ಜೊತೆನೇ ಕೆಪಿಪಿಪಿ ಅನ್ನೋ ರಾಜ್ಯದ ಖರೀದಿ ಪೋರ್ಟಲ್‌ಗೆ ಹಾಕಿ.

ಎಲ್-1 ಒಳಗೇ ಇವತ್ತೇ ಮಾಡಬಹುದಾದ್ದು

ಯಾರ ವಿಶೇಷ ಒಪ್ಪಿಗೆನೂ ಬೇಡದ ಕೆಲಸಗಳಿವು, ದೊಡ್ಡ ಕಾಮಗಾರಿಗೆ ಬಳಸೋ ಕೆಡಬ್ಲ್ಯು-4 ಅನ್ನೋ ಸ್ಟ್ಯಾಂಡರ್ಡ್ ಟೆಂಡರ್ ಡಾಕ್ಯುಮೆಂಟಲ್ಲೇ ಬಹುಪಾಲು ಅವಕಾಶ ಇದೆ, ನಾವು ಬಳಸ್ತಿಲ್ಲ ಅಷ್ಟೆ.

ಬಿಡ್ ಕೆಪ್ಯಾಸಿಟಿಯನ್ನ (ಕಾಂಟ್ರಾಕ್ಟರ್‌ಗೆ ಇನ್ನೆಷ್ಟು ಕೆಲಸ ಹೊರೋ ಶಕ್ತಿ ಇದೆ ಅನ್ನೋದನ್ನ) ನಿಜವಾಗ್ಲೂ ಲೆಕ್ಕ ಹಾಕಿ. ಸೂತ್ರ ಗೊತ್ತಿರೋದೇ, ಎ ಗುಣಿಸು ಎನ್ ಗುಣಿಸು 1.5, ಅದ್ರಲ್ಲಿ ಬಿ ಕಳೀರಿ. ಎ ಅಂದ್ರೆ ಹಿಂದಿನ 5 ವರ್ಷದಲ್ಲಿ ಯಾವುದಾದ್ರೂ ಒಂದು ವರ್ಷ ಮಾಡಿದ ಗರಿಷ್ಠ ಕೆಲಸ, ಎನ್ ನಿಮ್ಮ ಕಾಮಗಾರಿ ಅವಧಿ, ಬಿ ಅಂದ್ರೆ ಆ ಅವಧಿಯಲ್ಲಿ ಅವ್ನ ಕೈಲಿರೋ ಬಾಕಿ ಕೆಲಸ. ಎ 12 ಕೋಟಿ, ಅವಧಿ ಒಂದೂವರೆ ವರ್ಷ ಅಂದ್ರೆ 27 ಕೋಟಿ ಬಂತು. ಕೈಲಿ ಆಗ್ಲೇ 22 ಕೋಟಿ ಕೆಲಸ ಇದ್ರೆ ಉಳಿಯೋದು 5, ನಿಮ್ಮ 10 ಕೋಟಿ ಕೆಲಸಕ್ಕೆ ಅವ್ನು ಅರ್ಹನೇ ಅಲ್ಲ. ಎಲ್ಲಾ ಸುಳ್ಳು ಸೇರೋದು ಈ ಬಿ ಒಳಗೇನೆ, ಬೇರೆ ಇಲಾಖೆ ಕೆಲಸ ಹೇಳಿರಲ್ಲ, ಜಂಟಿ ಉದ್ಯಮದ ಪಾಲು ಹೇಳಿರಲ್ಲ. ಅಫಿಡವಿಟ್ ತಗೊಂಡು ಸುಮ್ನಾಗ್ಬೇಡಿ, ಪೋರ್ಟಲಲ್ಲಿ ಹುಡುಕಿ, ಪಕ್ಕದ ಡಿವಿಷನ್‌ಗಳಿಗೆ ಫೋನ್ ಮಾಡಿ, ಉತ್ತರವನ್ನ ಇಮೇಲಲ್ಲಿ ತರಿಸ್ಕೊಂಡು ಫೈಲಿಗೆ ಸೇರ್ಸಿ.

ಇನ್ನೊಂದು, ತೀರಾ ಕಮ್ಮಿ ಕೋಟ್ ಬಂದಾಗ ರೇಟ್ ಅನಾಲಿಸಿಸ್ (ಆ ದರ ಹೇಗೆ ಬಂತು ಅನ್ನೋ ಲೆಕ್ಕ) ಕೇಳೋದು. ಎಸ್ಟಿಮೇಟಿಗೆ ಹೋಲಿಸಿದ್ರೆ ದರಗಳು ಅಸಮತೋಲನ ಆಗಿದ್ರೆ ವಿವರ ಕೇಳೋ ಹಕ್ಕು, ಹೆಚ್ಚುವರಿ ಭದ್ರತಾ ಠೇವಣಿ ಕೇಳೋ ಹಕ್ಕು ಕೆಡಬ್ಲ್ಯು-4ರಲ್ಲಿದೆ. ಹೇಗೆ ಓದ್ಬೇಕು ಅಂದ್ರೆ, ಎಂ25 ಆರ್‌ಸಿಸಿ ಐಟಂ ತಗೊಳ್ಳಿ. ಸಾಧಾರಣ ಪರಿಸರಕ್ಕೆ ಐಎಸ್ 456 (ಕಾಂಕ್ರೀಟಿನ ಭಾರತೀಯ ಮಾನದಂಡ) ಪ್ರಕಾರ ಒಂದು ಘನ ಮೀಟರ್‌ಗೆ ಕನಿಷ್ಠ 300 ಕೆಜಿ ಸಿಮೆಂಟು, ಅಂದ್ರೆ 6 ಮೂಟೆ. ನಿಮ್ಮೂರಲ್ಲಿ ಮೂಟೆ ಎಷ್ಟಿದೆಯೋ ಅದನ್ನ ಆರರಿಂದ ಗುಣಿಸಿ, ಜಲ್ಲಿ, ಎಂ-ಸ್ಯಾಂಡ್, ಶಟರಿಂಗ್, ಕೂಲಿ, ಜಿಎಸ್‌ಟಿ ಸೇರ್ಸಿ. ಅವ್ನು ಕೋಟ್ ಮಾಡಿರೋ ರೇಟು ಈ ಮೊತ್ತಕ್ಕಿಂತ ಕೆಳಗಿದ್ರೆ ಒಂದೋ ಅವ್ನಿಗೆ ಲೆಕ್ಕ ಬರಲ್ಲ, ಇಲ್ಲಾ ಸಿಮೆಂಟು ಹಾಕೋ ಉದ್ದೇಶ ಇಲ್ಲ. ಐಟಂ ರೇಟ್ ಟೆಂಡರಲ್ಲಿ ಇನ್ನೊಂದನ್ನೂ ನೋಡಿ, ಅಗೆತ, ಮಣ್ಣು ಸಾಗಣೆ ಥರದ ಮೊದಲು ಬಿಲ್ ಆಗೋ ಐಟಂಗಳಿಗೆ ರೇಟು ಎತ್ತಿ, ಕೊನೆಗೆ ಬರೋ ಫಿನಿಶಿಂಗ್ ಐಟಂಗಳಿಗೆ ತೀರಾ ಇಳಿಸಿರ್ತಾರೆ. ಎರಡು ಬಿಲ್ ತಗೊಂಡು ಕಾಣೆ ಆಗೋರ ಲಕ್ಷಣ ಇದು.

ಮೂರನೇದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು, ನಿರ್ವಹಣೆಯನ್ನ ಅದೇ ಟೆಂಡರಿಗೆ ಸೇರ್ಸೋದು. ಪಿಎಂಜಿಎಸ್‌ವೈ (ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ) ರಸ್ತೆಗಳಲ್ಲಿ ಕಟ್ಟಿದೋನೇ 5 ವರ್ಷ ನಿರ್ವಹಣೆ ಮಾಡ್ಬೇಕು, ಆ ದುಡ್ಡು ರಸ್ತೆ ಸ್ಥಿತಿ ನೋಡಿ ಇ-ಮಾರ್ಗ್ ಅನ್ನೋ ವ್ಯವಸ್ಥೆ ಮೂಲಕ ಬಿಡುಗಡೆ ಆಗುತ್ತೆ. ಕಟ್ಟಿದ್ದನ್ನ ತಾನೇ ರಿಪೇರಿ ಮಾಡ್ಬೇಕು ಅಂತ ಗೊತ್ತಾದ ಕೂಡ್ಲೇ ಕಾಂಟ್ರಾಕ್ಟರ್ ಲೆಕ್ಕಾಚಾರನೇ ಬದಲಾಗುತ್ತೆ. ಹುಬ್ಬಳ್ಳಿ-ಧಾರವಾಡದಲ್ಲಿ ವಿಶ್ವಬ್ಯಾಂಕ್ ನೆರವಿನ 24 ಗಂಟೆ ನೀರಿನ ಯೋಜನೆನೂ ಇದೇ ದಾರಿಯದ್ದು, ವಿನ್ಯಾಸ, ನಿರ್ಮಾಣ, ಆಮೇಲಿನ ನಿರ್ವಹಣೆ ಎಲ್ಲ ಒಂದೇ ಕಾಂಟ್ರಾಕ್ಟಲ್ಲಿ. ಪಂಪ್‌ಹೌಸ್, ಶುದ್ಧೀಕರಣ ಘಟಕ ಆದ್ರೆ ಪಂಪಿನ ಕರೆಂಟ್ ಬಿಲ್ಲನ್ನೂ ಮೌಲ್ಯಮಾಪನದ ದರಕ್ಕೆ ಸೇರ್ಸಿ, ಹೇಗೆ ಲೆಕ್ಕ ಹಾಕ್ತೀವಿ ಅನ್ನೋ ಸೂತ್ರ ಡಾಕ್ಯುಮೆಂಟಲ್ಲೇ ಕೊಡಿ. ಆಗ ಸೋವಿ ಪಂಪು ಎಲ್-1 ಆಗಲ್ಲ.

ಮಾರ್ಕ್ಸ್ ಪದ್ಧತಿಗೆ ಹೋಗೋದಾದ್ರೆ

ಟೆಕ್ನಿಕಲ್ ಮಾರ್ಕ್ಸ್ ಅಂದ್ರೆ ತಮಗೆ ಬೇಕಾದೋರಿಗೆ ಕೊಡೋ ದಾರಿ ಅಂತ ಜನಕ್ಕಿರೋ ಭಯ ಸುಳ್ಳಲ್ಲ, ಹಾಗೆ ಮಾಡೋಕೆ ಅವಕಾಶ ಖಂಡಿತ ಇದೆ. ಅದಕ್ಕೇ ಪ್ರತಿ ಮಾರ್ಕ್ಸೂ ಅಳತೆಗೆ ಸಿಗೋದರ ಮೇಲೇ ಇರ್ಬೇಕು. "ಉತ್ತಮ ವಿಧಾನಕ್ಕೆ 20 ಮಾರ್ಕ್ಸ್", "ಪ್ರೆಸೆಂಟೇಷನ್‌ಗೆ 25 ಮಾರ್ಕ್ಸ್" ಅಂತ ಕಂಡ್ರೆ ಅದನ್ನ ಅಲ್ಲೇ ಹೊಡೆದುಹಾಕಿ.

ಊರೊಳಗಿನ ಒಂದು ದೊಡ್ಡ ಚರಂಡಿ ಆರ್‌ಸಿಸಿ ಗೋಡೆ ಕೆಲಸ, 10 ಕೋಟಿ ಎಸ್ಟಿಮೇಟು ಅಂದ್ಕೊಳ್ಳಿ. ನಾನಾದ್ರೆ 100ರಲ್ಲಿ 35 ಮಾರ್ಕ್ಸನ್ನ ಹಿಂದಿನ ಕೆಲಸಗಳು ಈಗ ಹೇಗಿವೆ ಅನ್ನೋದಕ್ಕೆ ಇಡ್ತೀನಿ. ಕಾಂಟ್ರಾಕ್ಟರ್ 5 ವರ್ಷದಲ್ಲಿ ಮುಗಿಸಿದ ಇಂಥ ಎಲ್ಲಾ ಕೆಲಸಗಳ ಪಟ್ಟಿ ಕೊಡ್ಬೇಕು, ಅದ್ರಲ್ಲಿ ಮೂರನ್ನ ಸಮಿತಿ ಚೀಟಿ ಎತ್ತಿ ಆರಿಸುತ್ತೆ, ಚೆನ್ನಾಗಿರೋ ಒಂದನ್ನ ಅವ್ರೇ ತೋರ್ಸೋದು ಬೇಡ. ಸ್ಥಳಕ್ಕೆ ಹೋಗಿ ಬಿರುಕು, ಹನಿಕೋಂಬಿಂಗ್ (ಕಾಂಕ್ರೀಟಲ್ಲಿ ಉಳಿದ ಟೊಳ್ಳು), ಕಂಬಿ ಕಾಣ್ತಿದ್ಯಾ, ವೀಪ್ ಹೋಲ್ (ಗೋಡೆ ಹಿಂದಿನ ನೀರು ಹೊರಬರೋ ತೂತು) ಇದ್ಯಾ, ತಳದ ಇಳಿಜಾರಲ್ಲಿ ನೀರು ನಿಲ್ಲುತ್ತಾ ಅಂತ ಚೆಕ್‌ಲಿಸ್ಟ್ ಹಿಡಿದು ಫೋಟೋ ಸಮೇತ ಮಾರ್ಕ್ಸ್. ಆ ಚೆಕ್‌ಲಿಸ್ಟೂ ಟೆಂಡರ್ ಜೊತೆಗೇ ಪ್ರಕಟ ಆಗಿರ್ಬೇಕು.

25 ಮಾರ್ಕ್ಸ್ ಸೈಟಲ್ಲಿ ಇರೋ ಟೀಮಿಗೆ: ಪ್ರಾಜೆಕ್ಟ್ ಮ್ಯಾನೇಜರ್, ಸೈಟ್ ಇಂಜಿನಿಯರ್, ಕ್ವಾಲಿಟಿ ಇಂಜಿನಿಯರ್, ಹೆಸರು ಹೇಳಿಯೇ. ಇನ್ನೊಂದು 25 ಕೆಲಸದ ವಿಧಾನಕ್ಕೆ, ಅದೂ ಈ ಸೈಟಿನ ಪ್ರಶ್ನೆಗಳಿಗೆ ಉತ್ತರವಾಗಿ. ಮಳೆ ಬಂದ್ರೆ ಹರಿಯೋ ನೀರನ್ನ ಎತ್ತ ತಿರುಗಿಸ್ತೀರಿ, ಎಷ್ಟು ಎಚ್‌ಪಿ ಪಂಪು ಎಷ್ಟು ಇಡ್ತೀರಿ, ಜೂನ್ ಒಳಗೆ ಯಾವ ಚೈನೇಜ್‌ವರೆಗೆ ಮುಗಿಸ್ತೀರಿ, ಪಕ್ಕದ ಮನೆಯ ತಳಪಾಯಕ್ಕೆ ಏನು ಆಸರೆ ಕೊಡ್ತೀರಿ, ಕಾಂಕ್ರೀಟ್ ಬ್ಯಾಚಿಂಗ್ ಪ್ಲ್ಯಾಂಟ್ ಸೈಟಿಂದ ಎಷ್ಟು ದೂರ. ಇಂಟರ್‌ನೆಟ್ಟಿಂದ ತೆಗೆದ 80 ಪುಟದ ಮೆಥಡಾಲಜಿ ಇದಕ್ಕೆ ಉತ್ತರ ಕೊಡಲ್ಲ, ಆದ್ರಿಂದ ಪುಟದ ಮಿತಿನೂ ಹಾಕಿ. ಉಳಿದ 15 ಕ್ವಾಲಿಟಿ ಪ್ಲ್ಯಾನಿಗೆ.

ಈಗ ಲೆಕ್ಕ, ಇಲ್ಲೇ ಹೆಚ್ಚಿನವರು ಎಡವೋದು. ಮೂರು ಬಿಡ್ ಬಂತು ಅಂದ್ಕೊಳ್ಳಿ. ಮೊದಲನೆಯವರು 7.6 ಕೋಟಿ, ಟೆಕ್ನಿಕಲ್ 62. ಎರಡನೆಯವರು 8.8 ಕೋಟಿ, 88 ಮಾರ್ಕ್ಸ್. ಮೂರನೆಯವರು 9.5 ಕೋಟಿ, 94. ಟೆಕ್ನಿಕಲ್‌ಗೆ ಶೇ 30, ದರಕ್ಕೆ ಶೇ 70. ಕಮ್ಮಿ ದರದವರಿಗೆ ದರದಲ್ಲಿ ಪೂರ್ತಿ 70, ಮಿಕ್ಕವರಿಗೆ ಅದೇ ಅನುಪಾತದಲ್ಲಿ. ಒಟ್ಟು ಹಾಕಿದ್ರೆ ಮೊದಲನೆಯವರಿಗೆ 88.6, ಎರಡನೆಯವರಿಗೆ 86.85, ಮೂರನೆಯವರಿಗೆ 84.2. ನೋಡಿ, ಇಷ್ಟೆಲ್ಲಾ ಮಾಡಿನೂ 62 ಮಾರ್ಕ್ಸ್ ತಗೊಂಡೋರೇ ಗೆದ್ರು! ಶೇ 30 ತೂಕ ಅನ್ನೋದು ಮಹಾ ಏನಲ್ಲ, ದರದ ಅಂತರ ದೊಡ್ಡದಿದ್ರೆ ಅದು ಕೊಚ್ಕೊಂಡು ಹೋಗುತ್ತೆ. ಅದಕ್ಕೆ ಟೆಕ್ನಿಕಲ್‌ನಲ್ಲಿ ಕನಿಷ್ಠ ಪಾಸ್ ಮಾರ್ಕ್ಸ್ ಇಡಿ, 70 ಅಂತ ಇಟ್ರೆ ಮೊದಲನೆಯವರ ದರದ ಕವರ್ ತೆಗೆಯೋದೇ ಇಲ್ಲ. ಆಗ ಎರಡನೆಯವರಿಗೆ 96.4, ಮೂರನೆಯವರಿಗೆ 93 ಚಿಲ್ಲರೆ, ಒಳ್ಳೇ ಕೆಲಸ ಮಾಡೋರಲ್ಲಿ ಕಮ್ಮಿ ದರದವರು ಗೆದ್ದಂಗಾಯ್ತು, ನಮಗೆ ಬೇಕಾಗಿದ್ದೂ ಅದೇ.

ಇನ್ನೊಂದು ಎಡವಟ್ಟು ಅಂದ್ರೆ ಎಲ್ಲರಿಗೂ 80, 85, 90 ಅಂತ ಮಾರ್ಕ್ಸ್ ಹಂಚೋದು. 80ಕ್ಕೂ 90ಕ್ಕೂ ಇರೋ ಅಂತರ ಶೇ 30ರ ತೂಕದಲ್ಲಿ ಬರೀ 3 ಮಾರ್ಕ್ಸ್, ದರದಲ್ಲಿ ಶೇ 4-5 ಕಮ್ಮಿ ಹಾಕಿದ್ರೆ ಅದು ಮುಗೀತು. ಸಂಕೋಚಕ್ಕೆ ಬಿದ್ದು ಮಾರ್ಕ್ಸ್ ಹಂಚಿದ್ರೆ ಹೆಸರಿಗೆ ಕ್ಯೂಸಿಬಿಎಸ್, ನಡೆಯೋದು ಎಲ್-1. ಆದ್ರಿಂದ ಮಾರ್ಕ್ಸಿನ ಮೆಟ್ಟಿಲು ಡಾಕ್ಯುಮೆಂಟಲ್ಲೇ ದೂರ ದೂರ ಇರ್ಲಿ: ಪ್ಲ್ಯಾಂಟ್ 15 ಕಿಮೀ ಒಳಗಿದ್ರೆ ಪೂರ್ತಿ, 30 ಒಳಗಿದ್ರೆ ಅರ್ಧ, ಆಚೆ ಹೋದ್ರೆ ಸೊನ್ನೆ, ಹೀಗೆ.

ಇದ್ರ ಜೊತೆಗೇ ಚಿಕ್ಕವರನ್ನ ಹೊರಗಿಡೋ ಷರತ್ತುಗಳನ್ನ ತೆಗೀರಿ. ಬೇಕಿಲ್ಲದ ಟರ್ನೋವರ್, ನಿಮ್ಮ ಕೆಲಸಕ್ಕೆ ಸಂಬಂಧ ಇಲ್ಲದ ಮಷೀನು, ಇವೆಲ್ಲ ಕ್ವಾಲಿಟಿ ಹೆಸರಲ್ಲಿ ನುಸುಳುತ್ತೆ. ಮೂರು ಒಳ್ಳೇ ಸ್ಥಳೀಯ ಕಾಂಟ್ರಾಕ್ಟರ್‌ಗಳು ಬಿಡ್ ಮಾಡೋಕೆ ಆಗ್ದಿರೋ ಟೆಂಡರನ್ನ ನಾನು ಒಳ್ಳೇ ಟೆಂಡರ್ ಅನ್ನಲ್ಲ. ಪ್ರೀ-ಬಿಡ್ ಮೀಟಿಂಗಲ್ಲಿ ಅವ್ರನ್ನ ಕೇಳಿ, ಅವ್ರು ಎತ್ತಿದ ಆಕ್ಷೇಪಕ್ಕೆ ಉತ್ತರ ಬರೆದು ಎಲ್ಲರಿಗೂ ಕಾಣೋಹಾಗೆ ಹಾಕಿ.

ಮಾರ್ಕ್ಸ್ ಹಾಕೋವಾಗ

ಸಮಿತಿ ಸದಸ್ಯರು ಬೇರೆ ಬೇರೆ ಹಾಳೆಯಲ್ಲಿ, ಒಬ್ಬರಿನ್ನೊಬ್ಬರದು ನೋಡ್ದೆ ಹಾಕ್ಬೇಕು, ಪ್ರತಿ ಸಂಖ್ಯೆ ಪಕ್ಕ ಒಂದು ಸಾಲು ಕಾರಣ. ಕನಿಷ್ಠ ಒಬ್ರು ಹೊರಗಿನವರು, ಹತ್ತಿರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ಪ್ರೊಫೆಸರ್ ಆಗಬಹುದು. ಟೆಕ್ನಿಕಲ್ ಮಾರ್ಕ್ಸ್ ಪ್ರಕಟ ಮಾಡಿದ್ಮೇಲೇ ದರದ ಕವರ್. ಆಡಿಟ್ ಆಬ್ಜೆಕ್ಷನ್ ಬರುತ್ತೆ ಅನ್ನೋ ಭಯ ಎಲ್ಲರಿಗೂ ಇದೆ, ನಿವೃತ್ತಿ ಹತ್ರ ಇರೋರಿಗೆ ಇನ್ನೂ ಜಾಸ್ತಿ, ಅದು ಅರ್ಥ ಆಗೋಹಂಥದ್ದೇ. ಆದ್ರೆ ಸುಪ್ರೀಂ ಕೋರ್ಟು 1994ರ ಟಾಟಾ ಸೆಲ್ಯುಲರ್ ಪ್ರಕರಣದಲ್ಲೇ ಹೇಳಿದೆ, ಕೋರ್ಟು ಟೆಂಡರ್ ನಿರ್ಧಾರದ ಮೇಲೆ ಮೇಲ್ಮನವಿ ಥರ ಕೂರಲ್ಲ, ನಿರ್ಧಾರ ತಗೊಂಡ ವಿಧಾನ ಸರಿ ಇದ್ಯಾ ಅಂತ ನೋಡುತ್ತೆ. ಆ ವಿಧಾನ ಸರಿ ಇತ್ತು ಅಂತ ತೋರ್ಸೋದು ನಿಮ್ಮ ಕಾರಣದ ಸಾಲುಗಳೇ. ಕೆಟಿಪಿಪಿಯ 16ನೇ ಕಲಂ ಪ್ರಕಾರ ಸೋತವರು 30 ದಿನದೊಳಗೆ ಮೇಲ್ಮನವಿ ಹೋಗಬಹುದು, ಅವ್ರಿಗೆ ಮಾರ್ಕ್ಸ್ ಪಟ್ಟಿ ಮೊದಲೇ ಕೊಟ್ಬಿಡಿ, ಎಲ್ಲಿ ಕಮ್ಮಿ ಬಂತು ಅಂತ ಗೊತ್ತಾದ್ರೆ ಮುಂದಿನ ಸಲ ಅದನ್ನ ಸರಿಮಾಡ್ಕೊಂಡು ಬರ್ತಾರೆ.

ಕೊಟ್ಟ ಮಾರ್ಕ್ಸನ್ನ ಸೈಟಲ್ಲಿ ವಸೂಲು ಮಾಡಿ

ಇದು ಇಲ್ಲಾಂದ್ರೆ ಮೇಲಿನದ್ದೆಲ್ಲ ಕಾಗದದ ಕೆಲಸ. ಒಳ್ಳೇ ಸೈಟ್ ಇಂಜಿನಿಯರ್ ಹೆಸರು ತೋರ್ಸಿ 25ಕ್ಕೆ 25 ತಗೊಂಡೋರು ಕೆಲಸ ಶುರು ಆದ್ಮೇಲೆ ಡಿಪ್ಲೊಮಾ ಮುಗಿಸಿ ಆಗ ತಾನೇ ಬಂದ ಹುಡುಗನನ್ನ ನಿಲ್ಸಿ ಪೂರ್ತಿ ಕೆಲಸ ಸಬ್‌ಕಾಂಟ್ರಾಕ್ಟಿಗೆ ಕೊಟ್ರೆ ನೀವು ದುಡ್ಡು ಜಾಸ್ತಿ ಕೊಟ್ಟು ಅದೇ ಹಳೇ ಕೆಲಸ ತಗೊಂಡಂಗೆ. ಹಾಗಾಗಿ ಟೆಕ್ನಿಕಲ್ ಬಿಡ್ಡಲ್ಲಿ ಹೇಳಿದ ಪ್ರತಿ ಮಾತನ್ನೂ, ಹೆಸರು, ಪಂಪು, ದಿನಾಂಕ ಸಮೇತ, ಅಗ್ರಿಮೆಂಟಿನ ಭಾಗ ಮಾಡಿ. ಆ ಹೆಸರಿನವರು ಬಿಟ್ಟು ಹೋದ್ರೆ ಅದೇ ಮೆಟ್ಟಿಲಲ್ಲಿ ಅಷ್ಟೇ ಮಾರ್ಕ್ಸ್ ಬರೋರನ್ನ ಇಷ್ಟು ದಿನದೊಳಗೆ ತರ್ಬೇಕು, ಇಲ್ಲಾಂದ್ರೆ ದಿನಕ್ಕೆ ಇಷ್ಟು ಕಡಿತ ಅಂತ ಬರೀರಿ, ಪ್ರತಿ ರನ್ನಿಂಗ್ ಬಿಲ್ ಜೊತೆ ಅವ್ರ ಹಾಜರಿ ಇರ್ಲಿ.

ಕಾಂಕ್ರೀಟಿನ ಗಟ್ಟಿತನ ಅಳೆಯೋ ಕ್ಯೂಬ್ ಟೆಸ್ಟನ್ನೇ ನೋಡಿ. ಒಂದು ದಿನ 60 ಘನ ಮೀಟರ್ ಕಾಂಕ್ರೀಟ್ ಹಾಕಿದ್ರೆ ಐಎಸ್ 456 ಪ್ರಕಾರ 5 ಸ್ಯಾಂಪಲ್, ಸ್ಯಾಂಪಲ್‌ಗೆ 3ರಂತೆ 28 ದಿನದ ಟೆಸ್ಟಿಗೇ 15 ಕ್ಯೂಬು ಆಗ್ಬೇಕು. ಎಷ್ಟೋ ಕಡೆ 3 ಕ್ಯೂಬು ಹಾಕಿ ಮಿಕ್ಕಿದ್ದು ರಿಜಿಸ್ಟರಲ್ಲಿ ಮಾತ್ರ ಇರುತ್ತೆ. ಕ್ಯೂಬ್ ಮೇಲೆ ದಿನಾಂಕ ಮತ್ತು ಚೈನೇಜ್ ಹಸಿ ಇರೋವಾಗ್ಲೇ ಗೀಚ್ಸಿ, ಕಾಂಕ್ರೀಟ್ ಲಾರಿಯ ಡೆಲಿವರಿ ಚೀಟಿ ಜೊತೆ ಫೋಟೋ ತೆಗ್ಸಿ, ಟೆಸ್ಟ್ ರಿಪೋರ್ಟ್ ಇಲ್ದೆ ಆ ಭಾಗ ಎಂಬಿಗೆ (ಅಳತೆ ಪುಸ್ತಕಕ್ಕೆ) ಹತ್ತಬಾರದು.

ನಮ್ಮ ಕಡೆ ಬಾಕಿನೂ ಇದೆ, ಅದನ್ನ ಹೇಳ್ದೆ ಬಿಟ್ರೆ ಅನ್ಯಾಯ ಆಗುತ್ತೆ. ಬಿಲ್ ತಿಂಗಳುಗಟ್ಲೆ ಕೊಡ್ದೆ ಇದ್ರೆ ಕ್ವಾಲಿಟಿ ಕಾಂಟ್ರಾಕ್ಟರ್ ನಿಮ್ಮ ಟೆಂಡರ್ ಕಡೆ ತಿರುಗಿನೂ ನೋಡಲ್ಲ, ಬರೋದು ಬಡ್ಡಿಗೆ ತಂದು ಆ ಬಡ್ಡಿನ ಕೆಲಸದಲ್ಲಿ ಹಿಡಿಯೋರು ಮಾತ್ರ. ಮೇಲೆ ಹೇಳಿದ 2021ರ ಕೇಂದ್ರ ಸೂಚನೆಯಲ್ಲೇ ಇದಕ್ಕೊಂದು ಮಾದರಿ ಇದೆ: ರನ್ನಿಂಗ್ ಬಿಲ್ ಕೊಟ್ಟ 10 ಕೆಲಸದ ದಿನದೊಳಗೆ ಕನಿಷ್ಠ ಶೇ 75 ಪಾವತಿ, ಪೂರ್ತಿ ಪರಿಶೀಲನೆ ಮುಗಿಸಿ ಉಳಿದಿದ್ದು 28 ಕೆಲಸದ ದಿನದೊಳಗೆ. ಅನುದಾನ ಕೈಗೆ ಬಂದಿರೋ ಕೆಲಸಕ್ಕೆ ಮಾತ್ರ ಟೆಂಡರ್ ಕರೆದು, ಈ ಥರದ ಗಡುವನ್ನ ಡಾಕ್ಯುಮೆಂಟಲ್ಲೇ ಬರೆದು ನೋಡಿ, ಎಸ್ಟಿಮೇಟಿಗೆ ಹತ್ತಿರದ ರೇಟಲ್ಲಿ ಒಳ್ಳೇ ಬಿಡ್ ಬರೋ ಸಾಧ್ಯತೆ ಅದ್ರಿಂದ್ಲೇ ಹೆಚ್ಚುತ್ತೆ.

ಕೊನೇದಾಗಿ ಡಿವಿಷನ್‌ನಲ್ಲಿ ಒಂದು ದಾಖಲೆ ಶುರು ಮಾಡಿ. ಪ್ರತಿ ಕಾಮಗಾರಿ ಡಿಎಲ್‌ಪಿ (ದೋಷ ಬಂದ್ರೆ ಕಾಂಟ್ರಾಕ್ಟರೇ ಸರಿಮಾಡ್ಬೇಕಾದ ಅವಧಿ) ಮುಗಿಯೋ ಮೊದ್ಲು ಯಾರು ಕಟ್ಟಿದ್ರು, ಎಷ್ಟು ಬಿಲೋಗೆ ತಗೊಂಡ್ರು, ಎಷ್ಟು ತಡ ಆಯ್ತು, ವೇರಿಯೇಷನ್ ಎಷ್ಟು, ಈಗ ಹೇಗಿದೆ ಅಂತ ಒಂದೇ ಪುಟ, ಫೋಟೋ ಜೊತೆ, ಕಾಂಟ್ರಾಕ್ಟರ್ ಸಹಿನೂ ಹಾಕಿಸಿ, ಒಪ್ಪದೆ ಇದ್ರೆ ಅವ್ರ ಉತ್ತರನೂ ಅದ್ರಲ್ಲೇ ಇರ್ಲಿ. ಮಾರ್ಕ್ಸ್ ಪದ್ಧತಿಗೆ ಒಪ್ಪಿಗೆ ಬರೋಕೆ ವರ್ಷ ಹಿಡೀಬಹುದು, ಈ ಪುಟ ಬರಿಯೋಕೆ ಯಾರ ಅನುಮತಿನೂ ಬೇಡ, ಒಪ್ಪಿಗೆ ಬಂದ ದಿನ ಆ 35 ಮಾರ್ಕ್ಸ್ ಹಾಕೋಕೆ ಹಾಳೆ ರೆಡಿ ಇರುತ್ತೆ.